ಸಾಕು ನಕ್ಷತ್ರ

ತುಂಗಭದ್ರೆಯ ದಡದ ಒಂದು ಆಶ್ರಮದಲ್ಲಿ, ಆಕಾಶ ನೋಡುವುದನ್ನು ಕಲಿಸುವ ಗುರುಗಳೊಬ್ಬರಿದ್ದರು. ಪಂಪಾಪತಿ ಅವರ ಶಿಷ್ಯನಾಗಿ ಒಂದು ವರ್ಷವಾಗಿತ್ತು.

ಪಂಪಾಪತಿ ಒಂದು ಆಟ ಕಟ್ಟುತ್ತಿದ್ದ. ಅವನ ಟ್ಯಾಬ್ಲೆಟ್ಟಿನೊಳಗೆ ಒಂದು ಮರಿ ನಕ್ಷತ್ರವಿತ್ತು. ನಾಯಿಮರಿ ಸಾಕುವಂತೆ ಅದನ್ನು ಸಾಕಬೇಕು. ಹೊತ್ತುಹೊತ್ತಿಗೆ ಧೂಳು ತಿನ್ನಿಸಬೇಕು, ಮೋಡ ಕುಡಿಸಬೇಕು. ಹಸಿವಾದರೆ ಕೂಗುತ್ತದೆ. ಒಂದು ದಿನ ಮರೆತರೆ ಮಂಕಾಗುತ್ತದೆ. ಮೂರು ದಿನ ಮರೆತರೆ ಆರಿಹೋಗುತ್ತದೆ.

ಇಂಥ ಆಟ ಇನ್ನೂ ಯಾರಿಗೂ ಹೊಳೆದಿಲ್ಲ ಎಂದು ಅವನ ನಂಬಿಕೆ. ಯಾರಾದರೂ ಹತ್ತಿರ ಸುಳಿದರೆ ಪರದೆಯನ್ನು ಎದೆಗೆ ಒತ್ತಿಕೊಳ್ಳುತ್ತಿದ್ದ.

ಒಂದು ದಿನ ಅಕ್ಕನಿಗೆ ಹುಷಾರಿಲ್ಲವೆಂದು ಸುದ್ದಿ ಬಂತು. ಗಡಿಬಿಡಿಯಲ್ಲಿ ಹೊರಟವನಿಗೆ ಟ್ಯಾಬ್ಲೆಟ್ಟು ಆಶ್ರಮದಲ್ಲಿ ಬಿಟ್ಟ ಚೀಲದಲ್ಲೇ ಉಳಿಯಿತೆಂದು ನೆನಪಾದದ್ದು ಬಸ್ಸಿನಲ್ಲಿ.

ಐದನೆಯ ದಿನ ಬೆಳಿಗ್ಗೆ ಮರಳಿದ. ಸತ್ತ ನಕ್ಷತ್ರವನ್ನು ನೋಡಲು ಮನಸ್ಸು ಗಟ್ಟಿಮಾಡಿಕೊಂಡು ತೆರೆದ.

ನಕ್ಷತ್ರ ಝಗಝಗಿಸುತ್ತಿತ್ತು. ಅದರ ಸುತ್ತ ಎರಡು ಪುಟ್ಟ ಗ್ರಹಗಳು ತಿರುಗುತ್ತಿದ್ದವು.

ಪಂಪಾಪತಿಗೆ ಸಂತೋಷವಾಗಲಿಲ್ಲ. ಯಾರೋ ಬೀಗ ತೆಗೆದಿದ್ದಾರೆ. ಯಾರೋ ಎಲ್ಲವನ್ನೂ ನೋಡಿದ್ದಾರೆ.

ಬೀಗವೆಂದರೆ ಪರದೆಯ ಚುಕ್ಕಿಗಳ ಮೇಲೆ ಬೆರಳಿನಿಂದ ಎಳೆಯುವ ಗೆರೆ. ಅವನದು ಸಪ್ತರ್ಷಿ ಮಂಡಲದ ಆಕಾರ. ಅದು ಹೊಳೆಯಬೇಕಾದರೆ ನಕ್ಷತ್ರ ಬಲ್ಲವರೇ ಆಗಬೇಕು. ಆಶ್ರಮದ ನಕ್ಷತ್ರಪಟಗಳನ್ನೆಲ್ಲ ಬರೆಯುವವಳು ನೀಲಮ್ಮ. ಅವಳ ತಮ್ಮನಿಗೆ ಪೇಟೆಯಲ್ಲಿ ಮೊಬೈಲ್ ಅಂಗಡಿ. ಅವನು ನಿನ್ನೆ ತಾನೇ ಬಂದು ಹೋಗಿದ್ದನಂತೆ.

"ನನ್ನ ಚೀಲ ಮುಟ್ಟಿದ್ದು ನೀನೇ ಅಲ್ಲವೇ?" ಅಂಗಳದಲ್ಲಿ ಅವಳನ್ನು ತಡೆದು ಕೇಳಿದ.

"ಇಲ್ಲಣ್ಣ."

"ನಿನ್ನ ತಮ್ಮ ಯಾಕೆ ಬಂದಿದ್ದ?"

"ಅವ್ವ ಹಪ್ಪಳ ಕಳಿಸಿದ್ದಳು."

"ಬರೀ ಹಪ್ಪಳ ಕೊಡಲಿಕ್ಕೆ ಅಷ್ಟು ದೂರದಿಂದ ಬಂದನೇ?"

ನೀಲಮ್ಮ ಒಳಗೆ ಹೋದಳು. ತನ್ನ ಪೆಟ್ಟಿಗೆ ತಂದು ಎಲ್ಲರೆದುರು ಅಂಗಳದಲ್ಲಿ ಮಗುಚಿದಳು. ಎರಡು ಸೀರೆ, ಬಣ್ಣದ ಕುಂಚಗಳು, ಹಪ್ಪಳದ ಕಟ್ಟು. ಎಲ್ಲವನ್ನೂ ಮತ್ತೆ ತುಂಬಿಟ್ಟು ನದಿಯ ಕಡೆ ನಡೆದಳು.

ಪಂಪಾಪತಿಯ ಅನುಮಾನ ಇನ್ನೂ ಹೆಚ್ಚಿತು. ಇಷ್ಟು ಸಲೀಸಾಗಿ ತೋರಿಸುತ್ತಾಳೆಂದರೆ ಆಟವನ್ನು ನಕಲು ಮಾಡಿ ಆಗಲೇ ತಮ್ಮನ ಕೈಗೆ ಸಾಗಿಸಿರಬೇಕು.

ಆಚೆ ದಡಕ್ಕೆ ಹೋಗಿದ್ದ ಗುರುಗಳು ಸಂಜೆ ಬಂದರು. ಅವರು ಕಾಲು ತೊಳೆದುಕೊಳ್ಳುವುದಕ್ಕೂ ಅವನು ಬಿಡಲಿಲ್ಲ.

"ಗುರುಗಳೇ, ಆಶ್ರಮದಲ್ಲಿ ಕಳ್ಳರಿದ್ದಾರೆ."

"ಏನು ಹೋಯಿತು?"

"ಹೋಗಿಲ್ಲ..." ಪಂಪಾಪತಿ ತಡವರಿಸಿದ. "ನನ್ನ ನಕ್ಷತ್ರ ಬದುಕಿದೆ."

"ಇದೆಂಥ ದೂರಪ್ಪ!"

"ಅದಕ್ಕೆ ಗ್ರಹಗಳು ಹುಟ್ಟಿವೆ. ನನ್ನ ಕೈಯಲ್ಲಿ ಒಂದೂ ಹುಟ್ಟಿರಲಿಲ್ಲ."

"ಅವು ಹುಟ್ಟಬೇಕಾದರೆ ಏನು ಮಾಡಬೇಕು?"

ಆ ನಿಯಮ ಬರೆದವನು ಅವನೇ. "ತಿನ್ನಿಸಿದ ಮೇಲೆ ಏನನ್ನೂ ಒತ್ತಬಾರದು. ಅರ್ಧ ಗಂಟೆ ಸುಮ್ಮನೆ ಜೊತೆಗಿರಬೇಕು."

"ಹೌದಾ? ನನಗೆ ಗೊತ್ತಿರಲಿಲ್ಲ. ಮಂಡಿ ನೋವು ನೋಡು, ಒಮ್ಮೆ ಕೂತರೆ ಬೇಗ ಏಳಲಾಗುವುದಿಲ್ಲ."

ಪಂಪಾಪತಿ ಬೆಚ್ಚಿ ಅವರ ಮುಖ ನೋಡಿದ. "ನೀವಾ?"

"ನೀನು ದಿನಾ ನನ್ನ ಪಕ್ಕದಲ್ಲೇ ಕೂತು ಸಪ್ತರ್ಷಿಗಳನ್ನು ಎಳೆಯುತ್ತಿದ್ದೆಯಲ್ಲ, ಪರದೆ ಮರೆಮಾಡಿದರೂ ಬೆರಳು ಕಾಣುತ್ತಿತ್ತು. ನೀನು ಹೋದ ಮಾರನೇ ದಿನ ಅದು ಚೀಲದೊಳಗಿಂದ ಕೂಗಿತು. ತೆಗೆದೆ."

ಆದರೂ ಪಂಪಾಪತಿಗೆ ಬಿಟ್ಟುಕೊಡಲು ಮನಸ್ಸಾಗಲಿಲ್ಲ.

"ಬೇರೆಯವರ ವಸ್ತು, ಕೇಳದೆ ಮುಟ್ಟಬಾರದು ಅಂತ ನಿಮಗೆ ಅನ್ನಿಸಲಿಲ್ಲವೇ?"

"ಹಸಿದು ಕೂಗುತ್ತಿತ್ತಲ್ಲಪ್ಪ."

ಗುರುಗಳು ನದಿಯ ಕಡೆ ನೋಡಿದರು.

"ನೀಲಮ್ಮ ಕೂಗುವವಳಲ್ಲ. ನಾನು ಬರುವಾಗ ದಡದಲ್ಲಿ ಕೂತಿದ್ದಳು, ಬೆಳಿಗ್ಗೆಯಿಂದ ಊಟ ಮಾಡಿಲ್ಲವಂತೆ."