ತಣ್ಣೊಲೆ ದಿಣ್ಣೆ

ಸಿರಿವಾಳದಲ್ಲಿ ಬಸ್ಸು ನಿಲ್ಲುವ ಬೇವಿನ ಮರದಿಂದ ಕೂಗಳತೆಯಲ್ಲಿ ಒಂದು ಬೋಳು ದಿಣ್ಣೆಯಿದೆ. ಅದರ ನೆತ್ತಿಯ ಮೇಲಿರುವ ಎರಡು ಗುಂಡಿಗಳನ್ನು ಬಂದವರು ಹಗೇವು ಎಂದುಕೊಳ್ಳುತ್ತಾರೆ, ಅದು ತಪ್ಪು. ಅಲ್ಲಿ ಯಾರೂ ಎಂದೂ ಕಾಳು ತುಂಬಿಟ್ಟವರಲ್ಲ.

ಹಿಂದೆ ಒಮ್ಮೆ ಮದಕಟ್ಟೆಯ ಪಾಳೆಯಗಾರ ಕೆಂಗುಂದಿಯವನೊಡನೆ ಕಾದಾಡಿ ಸೋತು, ಊರವರನ್ನು ಒಂದು ಮಾತೂ ಕೇಳದೆ ಸಿರಿವಾಳವನ್ನು ಗೆದ್ದವನಿಗೆ ಬಿಟ್ಟುಕೊಟ್ಟನಂತೆ. ಕೆಂಗುಂದಿಯವರು ಗಡಿಕಲ್ಲು ನೆಡಲು ಬಂದಾಗ ಊರೇ ತಿರುಗಿಬಿತ್ತು. ಕಾಟವ್ವನೆಂಬವಳ ತಮ್ಮ ಬೋಸಯ್ಯ ಕವಣೆಯವರನ್ನು ಕಟ್ಟಿಕೊಂಡು ಕೆಂಗುಂದಿಯವರನ್ನು ಹಳ್ಳದಾಚೆಗೆ ಅಟ್ಟಿದ. ಅವನ ಕಲ್ಲೇಟಿಗೆ ಕೆಂಗುಂದಿಯ ದಳವಾಯಿ ಸತ್ತ. ತಾಯಿಯಿಲ್ಲದ ಆ ತಮ್ಮನನ್ನು ಸಾಕಿದವಳು ಕಾಟವ್ವ. ಊರು ಕೆಂಗುಂದಿಗೆ ಸೇರಿದರೆ ಅವನ ತಲೆ ಉಳಿಯದೆಂದು ಅವಳಿಗೆ ಗೊತ್ತಿತ್ತು.

ಕೊನೆಗೆ ಮಠದ ಸ್ವಾಮಿಗಳು ನಡುವೆ ನಿಂತು, ಯಾರಿಗೆ ಸೇರಬೇಕೆಂದು ಊರೇ ತೀರ್ಮಾನಿಸಲಿ ಎಂದು ದಿಣ್ಣೆಯ ಮೇಲೆ ಎರಡು ಗುಂಡಿ ತೋಡಿಸಿದರು. ಮನೆಯ ಒಲೆಗೊಂದರಂತೆ ಕೆಂಡ ಹಾಕಬೇಕು; ಮೂಡಣ ಗುಂಡಿ ಮದಕಟ್ಟೆಗೆ, ಪಡುವಣದ್ದು ಕೆಂಗುಂದಿಗೆ. ಬೆಂಕಿ ಕೊಡುವುದೂ ಬಿಡುವುದೂ ಆ ಊರಿನಲ್ಲಿ ಹೆಂಗಸರ ಹಕ್ಕು. ಗಂಡಸರು ದೂರ ನಿಂತರು. ಕಾಟವ್ವ ಮನೆಮನೆಗೂ ಹೋಗಿ ಮದಕಟ್ಟೆಯ ಪರವಾಗಿ ಬೇಡಿಕೊಂಡಳು.

"ಸೋತಾಗ ನಮ್ಮನ್ನ ಕೈಬಿಟ್ಟೋನು, ಈಗ ಎತ್ತಿ ಮುದ್ದಾಡ್ತಾನೇನೇ?" ಎಂದು ನೆರೆಮನೆಯ ನಿಂಗಜ್ಜಿ ಹಂಗಿಸಿದಳು.

"ನನ್ನ ತಮ್ಮ ಉಳಿದ್ರೆ ಸಾಕಜ್ಜಿ."

"ಅವನ ಮುಖ ನೋಡಿ ಹಾಕ್ತೀನಿ. ದೊರೆ ಮುಖಕ್ಕಲ್ಲ," ಎಂದು ಅಜ್ಜಿ ಮಡಕೆಯ ಚೂರಿನಲ್ಲಿ ಕೆಂಡ ಹೊತ್ತು ಹೊರಟಳು.

ಮೂಡಣ ಗುಂಡಿ ಧಗಧಗಿಸಿತು. ಊರು ಮದಕಟ್ಟೆಗೇ ಉಳಿಯಿತು. ತಮಟೆಯ ಸದ್ದು ಅಡಗುವ ಮೊದಲೇ ಮದಕಟ್ಟೆಯ ಪ್ರಧಾನಿ ಬೋಸಯ್ಯನ ಕೈಗೆ ಕೋಳ ಹಾಕಿಸಿದ. ದಳವಾಯಿಯನ್ನು ಕೊಂದವನನ್ನು ಕೆಂಗುಂದಿಗೆ ಒಪ್ಪಿಸುವುದೆಂದು ಇಬ್ಬರು ಒಡೆಯರೂ ಮೊದಲೇ ಮಾತಾಡಿಕೊಂಡಿದ್ದರು.

"ಇವನು ನಿಮಗೋಸ್ಕರ ಹೊಡೆದಾಡಿದೋನು, ಬುದ್ದೀ!" ಎಂದು ಕಾಟವ್ವ ಅಡ್ಡ ನಿಂತಳು.

"ನಿನ್ನೆಯಾಗಿದ್ದರೆ ನಮಗೆ ಹಕ್ಕಿರಲಿಲ್ಲ, ತಾಯಿ. ಈಗ ಇವನು ನಮ್ಮ ಪ್ರಜೆ. ನೀವೇ ಮಾಡಿಕೊಟ್ಟಿರಿ," ಎಂದ ಪ್ರಧಾನಿ.

ಕಾಟವ್ವ ಕೊಡದಲ್ಲಿ ನೀರು ತಂದು ಮೂಡಣ ಗುಂಡಿಗೆ ಸುರಿದಳು. ಮನೆಗೆ ಹೋಗಿ ತನ್ನ ಒಲೆಯನ್ನೂ ಆರಿಸಿದಳು. ಅವಳನ್ನು ನೋಡಿ ನಿಂಗಜ್ಜಿ, ಆಮೇಲೆ ಊರ ಹೆಂಗಸರೆಲ್ಲ ಹಾಗೇ ಮಾಡಿದರು. ಕೆಂಗುಂದಿಯ ಕೋಟೆಬಾಗಿಲಲ್ಲಿ ಬೋಸಯ್ಯನ ಉಸಿರು ನಿಲ್ಲುವವರೆಗೆ ಸಿರಿವಾಳದಲ್ಲಿ ಹೊಗೆಯೇಳಲಿಲ್ಲ. ಅಂದಿನಿಂದ ಆ ದಿಣ್ಣೆಗೆ ತಣ್ಣೊಲೆ ದಿಣ್ಣೆ ಎನ್ನುತ್ತಾರೆ.

ಮದಕಟ್ಟೆಯವನು ಆಮೇಲೆ ಊರಿಗೆ ಸ್ವಾಮಿನಿಷ್ಠಪುರವೆಂಬ ಬಿರುದಿನ ಹೆಸರಿಟ್ಟು, ಅದನ್ನು ಕೆತ್ತಿಸಿದ ಕಲ್ಲನ್ನು ದಿಣ್ಣೆಯ ಬುಡದಲ್ಲಿ ನಿಲ್ಲಿಸಿದ. ಆ ಕಲ್ಲು ಇಂದಿಗೂ ಇದೆ. ಸಿರಿವಾಳದ ಹೆಂಗಸರು ಅದರ ಮೇಲೆ ಬೆರಣಿ ತಟ್ಟುತ್ತಾರೆ. ಓದಬೇಕೆನ್ನುವವರು ಒಣಗುವವರೆಗೆ ಕಾಯಬೇಕು.