ಕಡೆಪಂಕ್ತಿಯ ಅನ್ನಪೂರ್ಣೆಯ ಕಥೆ

ಎಲ್ಲರೂ ಕೈಯಲ್ಲಿ ಅಕ್ಷತೆ ಹಿಡಿಯಿರಿ, ದೀಪಕ್ಕೆ ಎಣ್ಣೆ ನೋಡಿರಿ. ಹಿಂದೆ ಕುಳಿತ ಸೊಸೆಯಂದಿರು ಸೀರೆಯ ಮಾತು ಸಾಕುಮಾಡಿರಿ. ಮೊದಲು ಗಣಪನನ್ನು, ಆಮೇಲೆ ಸೌಟು ಹಿಡಿದ ತಾಯಿ ಅನ್ನಪೂರ್ಣೆಯನ್ನು ನೆನೆದು ಕೇಳುವಂಥವರಾಗಿರಿ.

ಘಟಪ್ರಭೆಯ ದಡದ ಒಂದೂರಿನಲ್ಲಿ ಯಲ್ಲನಗೌಡನೆಂಬ ಸುಬೇದಾರನಿದ್ದನು. ಅವನ ಹೆಂಡತಿ ನೀಲವ್ವ. ಮಾತು ಖಾರ, ಮನಸ್ಸು ಬೆಲ್ಲ. ಗೌಡನು ದಂಡಿನಲ್ಲಿದ್ದಾಗ ಹಿಮದ ಬೆಟ್ಟದ ಮೇಲೆ ವೈರಿಗಳು ದಾರಿ ಕಟ್ಟಲು, ಅವನೂ ಅವನ ಕೈಕೆಳಗಿನ ಹನ್ನೊಂದು ಸಿಪಾಯಿಗಳೂ ಐದು ದಿನ ಹಿಮವನ್ನೇ ತಿಂದು ಜೀವ ಹಿಡಿದರು. ಆರನೆಯ ದಿನ ಚೀಲದ ತಳದಲ್ಲಿ ಒಂದೇ ಒಂದು ರೊಟ್ಟಿ ಸಿಕ್ಕಲು, ಗೌಡನು ಅದನ್ನು ತನ್ನ ಅಲ್ಯೂಮಿನಿಯಂ ತಟ್ಟೆಯಲ್ಲಿಟ್ಟು ಹನ್ನೊಂದು ತುಂಡು ಮಾಡಿ ಹಂಚಿದನು. ತನಗೆಂದು ಚೂರೂ ಉಳಿಯಲಿಲ್ಲ. ಬರಿದಾದ ತಟ್ಟೆಯನ್ನು ಎದೆಗೊತ್ತಿಕೊಂಡು, "ತಾಯಿ ಅನ್ನಪೂರ್ಣೆ, ಈ ಹನ್ನೊಂದು ಜೀವ ಕೆಳಗಿಳಿಸು. ಇರೂತನಕಾ ನನ್ನ ಅಂಗಳದಾಗ ಕಡೀ ಹಸದಾವ ಉಂಡಮ್ಯಾಲೇ ನಾ ಉಣ್ತೀನಿ" ಎಂದು ಹರಕೆ ಹೊತ್ತನು. ತಾಯಿ ಓಗೊಟ್ಟಳು. ಹಿಮಗಾಳಿ ನಿಂತು ದಾರಿ ತೆರೆದು, ಹನ್ನೊಂದು ಮಂದಿಯೂ ಕೂದಲು ಕೊಂಕದೆ ಇಳಿದು ಬಂದರು.

ಪಿಂಚಣಿಯಾಗಿ ಊರಿಗೆ ಮರಳಿದ ಗೌಡನು ನದಿಯ ದಡದಲ್ಲಿ ಗುಡಿಸಲು ಹಾಕಿ, ಬಂದವರಿಗೆ ಜಪ, ಧ್ಯಾನ ಹೇಳಿಕೊಡುತ್ತಿದ್ದನು. ಬೆನ್ನು ಬಾಗಿಸಿ ಕುಳಿತವರನ್ನು ಕವಾಯತಿನ ದನಿಯಲ್ಲೇ ಗದರುವನು. ಅದೇ ಬಾಯಲ್ಲಿ ಅತ್ತವರ ಕಣ್ಣೀರೊರೆಸುವ ಮಾತೂ ಬರುತ್ತಿತ್ತು. ಉಣ್ಣುವ ಹೊತ್ತಿಗೆ ಹಳೆಯ ತಟ್ಟೆ ಹಿಡಿದು ಸಾಲಿನ ತುದಿಗೆ ನಿಲ್ಲುವನು. ಹೀಗಿರಲು ಹೆಸರು ಹತ್ತೂರಿಗೆ ಹಬ್ಬಿ, ಗುಡಿಸಲು ಆಶ್ರಮವಾಗಿ, ಸುಬೇದಾರನು ಗುರುವಾದನು.

ಶಿಷ್ಯರು ಕೂಡಿದ ಮೇಲೆ ಕೇಳಬೇಕೆ? ಗುರುವಿಗಿಂತ ಮುಂಚೆ ಉಂಡರೆ ತಮಗೆ ದೋಷವೆಂದು, ದೀಪಾವಳಿಗೆ ಬೆಳ್ಳಿ ತಟ್ಟೆ ತಂದು ಮಣೆ ಹಾಕಿದರು. ಗೌಡನು ಮೊದಲು ಬೇಡವೆಂದನು, ಆಮೇಲೆ ಸುಮ್ಮನಾದನು, ಕಡೆಗೆ ತಾನೇ ಹೋಗಿ ಕುಳಿತು ಮೊದಲ ತುತ್ತೆತ್ತಿದನು. ಹಳೆಯ ತಟ್ಟೆಯನ್ನು ನೀಲವ್ವ ಉಪ್ಪಿನಕಾಯಿ ಭರಣಿಗೆ ಮುಚ್ಚಿದಳು. ಹೊಗಳಿದರೆ ಉಬ್ಬದವರು ಯಾರಿದ್ದಾರೆ, ತಾಯಂದಿರಾ?

ಅಂದಿನಿಂದ ಗೌಡನ ಬಾಯಿಗಿಟ್ಟ ತುತ್ತೆಲ್ಲ ಹಿಮವಾಯಿತು. ಹೋಳಿಗೆಯೂ ಹಿಮ, ಕುದಿವ ಸಾರೂ ಹಿಮ, ವೈದ್ಯರು ಕೊಟ್ಟ ಕಷಾಯವೂ ಹಿಮ. ನಾಲಗೆ ಮರಗಟ್ಟಿ ಮಂತ್ರ ಹೊರಡದಾಯಿತು. ಅಷ್ಟರಲ್ಲಿ ಹನ್ನೊಂದು ಮಂದಿಯಲ್ಲಿ ಹಿರಿಯನಾದ ಪರಸಪ್ಪನಿಂದ ಕಾಗದ ಬಂದಿತು. ದೀಪಾವಳಿಯಿಂದ ತಮ್ಮೆಲ್ಲರ ಬಾಯಲ್ಲೂ ಅನ್ನ ಹಿಮವಾಗುತ್ತಿದೆ, ಸೊರಗಿ ಕಡ್ಡಿಯಾಗಿದ್ದೇವೆ, ಈ ಚಳಿಗಾಲ ದಾಟುವ ನಂಬಿಕೆಯಿಲ್ಲ ಎಂದು ಬರೆದಿದ್ದನು.

ನೀಲವ್ವ ಭರಣಿಯ ಮೇಲಿನ ತಟ್ಟೆಯನ್ನು ತಂದು ಗಂಡನ ಮುಂದೆ ಠಣ್ಣನೆ ಇಟ್ಟಳು. "ಮರತವರು ನೀವೊಬ್ಬರೇ ಅಲ್ಲ, ನಾನೂ ಮರತೆ. ಕೊಟ್ಟ ಜೀವಾನ ತಾಯಿ ತಿರುಗಿ ಕೇಳಾಕತ್ಯಾಳ. ಏಳ್ರಿ, ಸಾಲಿಗೆ ನಿಂದರ್ರಿ" ಎಂದಳು. ರಣದಲ್ಲಿ ಅಳದ ಗೌಡನು ಅಂದು ಬಿಕ್ಕಿಬಿಕ್ಕಿ ಅತ್ತನು.

ಮಾರ್ಗಶಿರದ ಮೊದಲ ಗುರುವಾರ ತಟ್ಟೆಯನ್ನು ಬೂದಿಯಿಂದ ಬೆಳಗಿ, ಜೋಳ ತುಂಬಿ, ಮೇಲೆ ದೀಪವಿಟ್ಟು ತಾಯಿಯನ್ನು ಪೂಜಿಸಿ, ಬಂದವರಿಗೆಲ್ಲ ಕೈಯಾರೆ ಬಡಿಸಿ, ಎಂಜಲೆಲೆ ತಾನೇ ಎತ್ತಿ, ಕಡೆಗೆ ಉಂಡನು. ಜೀವಕ್ಕೊಂದರಂತೆ ಹನ್ನೊಂದು ಗುರುವಾರ ಹೀಗೆ ನಡೆಸುವೆನೆಂದು ಸಂಕಲ್ಪಿಸಿ, ಹನ್ನೊಂದನೆಯದಕ್ಕೆ ಬನ್ನಿರೆಂದು ಸಿಪಾಯಿಗಳಿಗೆ ಕಾಗದ ಹಾಕಿಸಿದನು. ಗುರುವೇ ಎಲೆ ಎತ್ತುವುದೆಂದರೇನೆಂದು ಮುನಿದು ಕೆಲವು ಶಿಷ್ಯರು ಹೊರಟುಹೋದರು. ಹೋಗಲಿ ಬಿಡಿ, ಉಣ್ಣುವ ಬಾಯಿ ಬೇರೆ ಬಂದವು. ಆದರೆ ಹತ್ತು ಗುರುವಾರ ಕಳೆದರೂ ಗೌಡನ ಬಾಯಲ್ಲಿ ಹಿಮ ಕರಗಲಿಲ್ಲ.

ಹನ್ನೊಂದನೆಯ ಗುರುವಾರ ಜನ ಉಂಡೇಳುವಷ್ಟರಲ್ಲಿ ಹೊತ್ತು ಇಳಿಯಿತು, ಪಾತ್ರೆಗಳು ಬರಿದಾದವು, ಹನ್ನೊಂದು ಮಂದಿಯ ಸುಳಿವಿಲ್ಲ. ಆಗ ಧೂಳುಗಾಲಿನ ಮುದುಕಿಯೊಬ್ಬಳು ಬಂದು ಹಸಿವೆಂದಳು. ಗೌಡನು ತನಗೆಂದು ಉಳಿಸಿದ್ದನ್ನೆಲ್ಲ ತನ್ನ ತಟ್ಟೆಯಲ್ಲೇ ಬಡಿಸಿದನು. ಅವಳು ಉಂಡು, ಒಂದು ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು, "ಇಷ್ಟು ನನಗ ಹೆಚ್ಚಾತು. ನಿನ್ನ ಸಾಲು ಇನ್ನೂ ಮುಗದಿಲ್ಲಪಾ, ದಾರಿ ನೋಡು" ಎಂದಳು.

ಗೌಡನು ತಿರುಗಿ ನೋಡಲು, ನರೆಗೂದಲ ಹನ್ನೊಂದು ಮಂದಿ ಒಬ್ಬರ ಹೆಗಲನ್ನೊಬ್ಬರು ಹಿಡಿದು, ಆದರೂ ಹೆಜ್ಜೆ ತಪ್ಪದೆ ಬರುತ್ತಿದ್ದರು. ಬಂದು ನಿಂತು ಸಲಾಮು ಹೊಡೆದರು. ಗೌಡನು ಬೆಟ್ಟದ ಮೇಲೆ ಮಾಡಿದಂತೆಯೇ ಆ ಒಂದು ರೊಟ್ಟಿಯನ್ನು ಹನ್ನೊಂದು ತುಂಡು ಮಾಡಿ, ಒಬ್ಬೊಬ್ಬರ ಕೈಗೂ ಇಟ್ಟನು. ಪರಸಪ್ಪನು ಬಾಯಿಗಿಟ್ಟವನೇ, "ಸಾಹೇಬ್ರ, ಬಿಸಿ ಐತಿ!" ಎಂದು ಕೂಗಿದನು. ಹನ್ನೊಂದು ಮುಖಗಳಲ್ಲೂ ಕಳೆ ಬಂದಿತು.

ಗೌಡನು ಬರಿದಾದ ತಟ್ಟೆಯನ್ನು ಎದೆಗೊತ್ತಿಕೊಳ್ಳಲು ಹೋದರೆ, ತಟ್ಟೆಯಲ್ಲಿ ಹನ್ನೆರಡನೆಯ ತುಂಡೊಂದು ಇತ್ತು. ಮುದುಕಿ ಕುಳಿತಲ್ಲಿ ಮುದುಕಿ ಇರಲಿಲ್ಲ. ಎಲ್ಲರೂ ಉಂಡರೆಂದು ಸಾಲನ್ನು ಮತ್ತೊಮ್ಮೆ ನೋಡಿ, ಅದನ್ನು ಬಾಯಿಗಿಟ್ಟುಕೊಂಡನು. ಉಪ್ಪಿನ ರುಚಿ, ಜೋಳದ ರುಚಿ, ಒಲೆಯ ಬಿಸಿ! ಹಿಮ ಕರಗಿ ಕಣ್ಣಲ್ಲಿ ಇಳಿಯಿತು, ನಾಲಗೆ ಬಿಚ್ಚಿ ತಾಯಿಯ ಹೆಸರು ಇಡೀ ದಡಕ್ಕೆ ಕೇಳುವಂತೆ ಹೊರಟಿತು. ಮುನಿದುಹೋದ ಶಿಷ್ಯರೂ ಓಡಿಬಂದು, ಉಣ್ಣುವ ಸಾಲಿನಲ್ಲಿ ಗುರುವಿನ ಹಿಂದೆ ನಿಲ್ಲಲು ಹೋಗಿ, ಗದರಿಸಿಕೊಂಡು ಮುಂದೆ ನಿಂತರು.

ಯಲ್ಲನಗೌಡನಿಗೆ ಕರಗಿದಂತೆ ನಮ್ಮ ನಿಮ್ಮ ಬಾಯ ಹಿಮವೂ ಕರಗಲಿ. ಈ ಕಥೆ ಓದಿದವರ ಒಲೆ ಆರದಿರಲಿ, ಕೇಳಿದವರ ಮಕ್ಕಳು ಎಷ್ಟು ದೂರದ ಬೆಟ್ಟದಲ್ಲಿದ್ದರೂ ಉಂಡು ತಣಿದು ಮನೆಗಿಳಿದು ಬರಲಿ. ಅಕ್ಷತೆ ಹಾಕಿರಿ. ಎಲೆ ಹಾಕುವ ಮುಂಚೆ ಒಬ್ಬರೆದ್ದು ಬಾಗಿಲಾಚೆ ನೋಡಿ ಬನ್ನಿರಿ, ಹಸಿದವರು ಇನ್ನೂ ಯಾರಾದರೂ ಇದ್ದಾರು.