ಅವನು ಬಂದ

"ಗುರುಗಳೇ, ಕಣ್ಣಾರೆ ಕಂಡ ಮೇಲೆ ಸಂಶಯ ತಾನಾಗಿಯೇ ಹೋಗುತ್ತದಲ್ಲವೇ?" ಎಂದು ಶಿಷ್ಯನೊಬ್ಬ ಕೇಳಿದ.

ಮಠದಲ್ಲಿ ತನ್ನ ಜೊತೆಗಿದ್ದ ಗೆಳೆಯನ ಮೇಲೆ ಅವನಿಗೆ ಗುಮಾನಿ ಹುಟ್ಟಿತ್ತು. ಮರೆಯಲ್ಲಿ ನಿಂತು ಒಮ್ಮೆ ನೋಡಿಬಿಟ್ಟರೆ ಮನಸ್ಸು ತಿಳಿಯಾಗುತ್ತದೆ, ಸ್ನೇಹವೂ ಉಳಿಯುತ್ತದೆ ಎಂದು ಅವನು ನಂಬಿದ್ದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿಯಿದ್ದ. ಅವನ ಹೆಂಡತಿಗೆ ಹಕ್ಕಿಗಳೆಂದರೆ ಪ್ರಾಣ. ಹೊಳೆಯ ನಡುವಿನ ದ್ವೀಪದಲ್ಲಿ ನಾಲ್ಕು ದಿನ ಇದ್ದು ಹಕ್ಕಿಗಳನ್ನು ನೋಡಬೇಕೆಂದು ಅವಳು ಮದುವೆಯಾದಂದಿನಿಂದ ಕೇಳುತ್ತಿದ್ದಳು. ಕೊನೆಗೊಮ್ಮೆ ಅವನು ಅಂಗಡಿಗೆ ಬೀಗ ಹಾಕಿ ಅವಳನ್ನು ಕರೆದುಕೊಂಡು ಹೋದ. ಅಲ್ಲಿ ಇಳಿದುಕೊಳ್ಳಲು ಒಂದು ಮನೆಯಿತ್ತು. ಅಡುಗೆ ಮಾಡಿ ಬಡಿಸಲು ಒಬ್ಬ ಅಜ್ಜಿ ಇದ್ದಳು.

ಮೂರನೆಯ ದಿನ ಬೆಳಗಿನಿಂದಲೇ ಜಿಟಿಜಿಟಿ ಮಳೆ. ವ್ಯಾಪಾರಿಗೆ ಕೆಮ್ಮು ಹಿಡಿದಿತ್ತು. ನೀವು ಹೊರಗೆ ಬರಲೇಬೇಡಿ ಎಂದು ಹೇಳಿ, ಹೆಂಡತಿ ಹೊಳೆಯ ಕಡೆಯ ಜಗಲಿಗೆ ಹೋದಳು. ಸ್ವಲ್ಪ ಹೊತ್ತಿಗೆ ತಟ್ಟಿಗೋಡೆಯ ಆಚೆಯಿಂದ ಅವಳ ಪಿಸುಮಾತು ಕೇಳಿಸಿತು.

"ಅವನು ಬಂದ, ಅಜ್ಜಿ. ನಿನ್ನೆಯೂ ಇದೇ ಹೊತ್ತಿಗೆ ಬಂದಿದ್ದ. ಮೆಲ್ಲಗೆ ಮಾತಾಡಿ, ಇವರು ಎದ್ದು ಬಂದರೆ ಹೋಗಿಬಿಡುತ್ತಾನೆ."

ವ್ಯಾಪಾರಿಯ ಕೆಮ್ಮು ಗಂಟಲಲ್ಲೇ ನಿಂತಿತು. ಮಲಗಿದಲ್ಲೇ ಅವನು ಒಂದಕ್ಕೊಂದು ಜೋಡಿಸತೊಡಗಿದ. ಹಬ್ಬಕ್ಕೆ ಕೊಡಿಸಿದ ಕೆಂಪು ಸೀರೆ ಪೆಟ್ಟಿಗೆಯಲ್ಲೇ ಇದೆ. ಇವಳು ಮಣ್ಣಿನ ಬಣ್ಣದ ಹಳೆಯದನ್ನು ಉಟ್ಟಿದ್ದಾಳೆ, ದೂರಕ್ಕೆ ಕಾಣಬಾರದೆಂದು. ಬಳೆಗಳನ್ನು ಮೇಲೆ ಸರಿಸಿ ಬಟ್ಟೆ ಸುತ್ತಿಕೊಂಡಿದ್ದಾಳೆ, ಸದ್ದಾಗಬಾರದೆಂದು. ಹೊರಗೆ ಬರಬೇಡಿ ಎಂದದ್ದು ಕೆಮ್ಮಿನ ಕಾಳಜಿಯಿಂದಲ್ಲ. ಎಲ್ಲವೂ ತಾಳೆಯಾಯಿತು. ಇಷ್ಟು ವರ್ಷದ ಸಂಸಾರ ಒಂದು ತಟ್ಟಿಯ ಆಚೆ ಮುಳುಗಿಹೋಗುತ್ತಿದೆ ಎಂದು ಅವನಿಗೆ ಅನ್ನಿಸಿತು.

ಅವನು ಮುಂಬಾಗಿಲಿನಿಂದ ಹೊರಬಿದ್ದು, ಮನೆಯನ್ನು ಬಳಸಿ ಹೋಗಿ ಕೇದಗೆಯ ಪೊದೆಯ ಹಿಂದೆ ಕುಳಿತ. ಮಳೆ ಕತ್ತಿನೊಳಗೆ ಇಳಿಯಿತು. ಅವನು ಕದಲಲಿಲ್ಲ. ಜಗಲಿಯ ಮೇಲೆ ಹೆಂಡತಿ ಮುಂದಕ್ಕೆ ಬಾಗಿದಳು. ಅವಳ ಮುಖದಲ್ಲಿ ನಗು ಮೂಡಿತು. ವ್ಯಾಪಾರಿ ಹಾರಿ ಎದ್ದು, ಯಾರವನು ಎಂದು ಅಬ್ಬರಿಸಿದ.

ನೀರಿಗೆ ಬಾಗಿದ್ದ ಕೊಂಬೆಯಿಂದ ಒಂದು ಮಿಂಚುಳ್ಳಿ ಹಾರಿಹೋಯಿತು. ತನ್ನ ಹೆಣ್ಣಿಗೆಂದು ಕೊಕ್ಕಿನಲ್ಲಿ ಹಿಡಿದು ತಂದಿದ್ದ ಮೀನು ಹೊಳೆಗೆ ಬಿತ್ತು.

"ಅವನಿಗೆ ರೆಕ್ಕೆ ಇದೆ ಯಜಮಾನರೇ, ನಿಮ್ಮ ಕೈಗೆ ಸಿಗುವವನಲ್ಲ. ಮೊದಲು ತಲೆ ಒರೆಸಿಕೊಳ್ಳಿ" ಎಂದು ಅಜ್ಜಿ ನಕ್ಕಳು.

ಹೆಂಡತಿ ನಗಲಿಲ್ಲ. ವ್ಯಾಪಾರಿ ತಪ್ಪಾಯಿತು ಎಂದು ಹೇಳಿ ಅವಳ ಪಕ್ಕದಲ್ಲಿ ಕುಳಿತ. ಮನಸ್ಸು ಹಗುರವಾಯಿತು. ಆದರೆ ಬಟ್ಟೆ ಒಣಗುವ ಮೊದಲೇ ಇನ್ನೊಂದು ಯೋಚನೆ ಬಂತು. ಹಕ್ಕಿಯನ್ನು ಲೋಕವೆಲ್ಲ 'ಅದು' ಎನ್ನುತ್ತದೆ. ಇವಳೇಕೆ 'ಅವನು' ಎಂದಳು? ಅವನು ಕೇಳಿಯೇಬಿಟ್ಟ.

"ಮಳೆಯಲ್ಲಿ ನೆನೆದು ಹೆಂಡತಿಗೆ ಮೀನು ತರುವವನನ್ನು 'ಅದು' ಎನ್ನಲು ನನಗೆ ಬಾಯಿ ಬರಲಿಲ್ಲ" ಎಂದಳು ಅವಳು.

ಉತ್ತರ ಸರಿಯಾಗಿಯೇ ಇತ್ತು. ಆದರೆ ಬಹಳ ಬೇಗ ಬಂತು, ಮೊದಲೇ ಸಿದ್ಧಮಾಡಿ ಇಟ್ಟುಕೊಂಡ ಹಾಗೆ.

ಅಂದಿನಿಂದ ಅವಳು ಅವನೆದುರು ಎಲ್ಲ ಹಕ್ಕಿಗಳನ್ನೂ 'ಅದು' ಎಂದೇ ಕರೆದಳು. ಬರಬರುತ್ತ ಹಕ್ಕಿಗಳ ಮಾತೆತ್ತುವುದನ್ನೇ ಬಿಟ್ಟಳು. ಯಾಕೆ ಬಿಟ್ಟಳು ಎಂಬುದು ವ್ಯಾಪಾರಿಯ ಹೊಸ ಸಂಶಯವಾಯಿತು. ಒಂದೇ ಮನೆಯಲ್ಲಿ ಇಬ್ಬರೂ ಮಾತು ಅಳೆದು ಆಡುತ್ತ ಮುದುಕರಾದರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಸ್ವಲ್ಪ ಹತ್ತಿರಕ್ಕೆ ಸರಿದು, ದನಿ ತಗ್ಗಿಸಿ ಕೇಳಿದ:

"ಗುರುಗಳೇ, ಅವರನ್ನು ದಾಟಿಸಿದ ಅಂಬಿಗ ಆ ಹೊತ್ತಿನಲ್ಲಿ ಎಲ್ಲಿದ್ದ?"

"ನನ್ನ ಕತೆಯಲ್ಲಿ ಅಂಬಿಗನೇ ಇರಲಿಲ್ಲ, ಅವನನ್ನು ಕರೆತಂದವನು ನೀನು" ಎಂದರು ಗುರುಗಳು.